ಚೀಲ ಕಾಯುವವರು ಯಾರು? ವಂಡರ್‌ಲಾ ಮತ್ತು ಬೃಂದಾವನ

ಬೇಸಿಗೆ ರಜೆ ಬಂತೆಂದರೆ ಮಂಡ್ಯ ಸೀಮೆಯ ಮನೆಗಳಲ್ಲಿ ಒಂದು ವಾದ ಏಳುತ್ತದೆ. ಮಕ್ಕಳು ವಂಡರ್‌ಲಾಗೆ ಎನ್ನುತ್ತಾರೆ, ಹಿರಿಯರು ಕಟ್ಟೆಗೆ ಎನ್ನುತ್ತಾರೆ. ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟು, ಅದರ ಬುಡದಲ್ಲಿರುವ ಬೃಂದಾವನ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಸಂಸಾರಗಳು ಎರಡನ್ನೂ ಕಂಡಿವೆ, ಒಂದಲ್ಲ ಹಲವು ಸಲ. ಮೊದಲ ಸಲ ಹೋಗುವವರಿಗೆ ಎರಡೂ ಚೆಂದವೇ. ಅವರಿಗೆ ವಿಮರ್ಶೆ ಬೇಕಾಗಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೊರಟು, ಮನೆಮಂದಿಯ ಒಂದು ದಿನವನ್ನೂ ಒಂದು ತಿಂಗಳ ಉಳಿತಾಯವನ್ನೂ ಎಲ್ಲಿ ಕೊಡಬೇಕು ಎಂದು ಯೋಚಿಸುವವರಿಗೆ ಈ ಬರಹ.

ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಒಂದು ಖಾಸಗಿ ಕಂಪನಿಯ ಮನರಂಜನಾ ಪಾರ್ಕು, ಇನ್ನೊಂದು ಸರ್ಕಾರದ ಉದ್ಯಾನ. ಆದರೆ ಎರಡರಲ್ಲೂ ಟಿಕೆಟ್ಟಿದೆ, ಎರಡು ಕಡೆಯೂ ಅಲ್ಲೇ ಉಳಿಯಲು ಹೋಟೆಲ್ ಇದೆ, ಎರಡೂ ಬಂಡವಾಳ ಮಾಡಿಕೊಂಡಿರುವುದು ನೀರನ್ನು. ಅದಕ್ಕಿಂತ ಮುಖ್ಯವಾಗಿ, ನಮ್ಮ ಸರ್ಕಾರಗಳೇ ಕಳೆದ ಕೆಲವು ವರ್ಷಗಳಿಂದ ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿವೆ. ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು 2018ರಿಂದ ಕೇಳಿಬರುತ್ತಿದೆ. ಹಾಗಿರುವಾಗ ಹೋಲಿಸಿ ನೋಡದೆ ಸುಮ್ಮನಿರುವುದು ತಪ್ಪಾಗುತ್ತದೆ.

ಮೊದಲು ಬಿಡದಿಯ ಕಡೆ ಹೋಗೋಣ. ವಿ-ಗಾರ್ಡ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. 2005ರಲ್ಲಿ ಬಿಡದಿಯ ಬಳಿ 82 ಎಕರೆಯಲ್ಲಿ ವಂಡರ್‌ಲಾ ಬಂತು. 2012ರಲ್ಲಿ ಅದರ ಪಕ್ಕದಲ್ಲೇ 84 ಕೋಣೆಗಳ ರೆಸಾರ್ಟ್ ಎದ್ದಿತು. ಮೈಸೂರು ರಸ್ತೆಯ ಅಂಚಿನ ಬೋಳುನೆಲದಲ್ಲಿ ಹೀಗೊಂದು ಜಾಗ ಇಪ್ಪತ್ತು ವರ್ಷ ಚೊಕ್ಕಟವಾಗಿ ನಡೆದುಕೊಂಡು ಬಂದಿರುವುದು ಸಣ್ಣ ಮಾತಲ್ಲ. ಅಲ್ಲಿನ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪ್ರತಿ ಆಟದ ಬಾಗಿಲಲ್ಲಿ ಎತ್ತರ ಅಳೆಯುವ ಗುರುತಿದೆ. ಅದಕ್ಕಿಂತ ಒಂದು ಅಂಗುಲ ಕುಳ್ಳಗಿದ್ದರೂ ಮಗುವನ್ನು ಒಳಗೆ ಬಿಡುವುದಿಲ್ಲ. ಎದೆಗೆ ಅಡ್ಡವಾಗಿ ಬರುವ ಸರಳನ್ನು ಒಬ್ಬ ಹುಡುಗ ಪ್ರತಿಯೊಬ್ಬರದನ್ನೂ ಅಲ್ಲಾಡಿಸಿ ನೋಡಿದ ಮೇಲೆಯೇ ಯಂತ್ರ ಚಾಲೂ ಆಗುವುದು. ಅಲೆಕೊಳದ ಸುತ್ತ ಸೀಟಿ ಹಿಡಿದ ಜೀವರಕ್ಷಕರು ಕಣ್ಣು ಮಿಟುಕಿಸದೆ ನಿಂತಿರುತ್ತಾರೆ.

ಈ ಶಿಸ್ತಿನ ಬೆಲೆ ಗೊತ್ತಾಗಬೇಕಾದರೆ ನಮ್ಮ ಹೊಳೆಯನ್ನು ನೆನೆಯಬೇಕು. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಬಲಮುರಿಯ ಒಡ್ಡಿನ ಮೇಲಿಂದ ನೀರು ತೆಳ್ಳಗೆ ಹಾಲಿನಂತೆ ಇಳಿಯುತ್ತದೆ. ಅದರ ಕೆಳಗೆ ತಲೆ ಒಡ್ಡಿ ನಿಂತ ಸುಖವನ್ನು ಯಾವ ವಾಟರ್ ಪಾರ್ಕೂ ಕೊಡಲಾರದು. ಎಡಮುರಿಯದೂ, ಶ್ರೀರಂಗಪಟ್ಟಣದ ಸಂಗಮದ್ದೂ ಅದೇ ಕಥೆ. ಆದರೆ ಕಲ್ಲಿನ ಪಾಚಿ, ಮೇಲೆ ಶಾಂತವಾಗಿ ಕಂಡು ಅಡಿಯಲ್ಲಿ ಸುಳಿಯುವ ಮಡು, ಕಟ್ಟೆಯಿಂದ ನೀರು ಬಿಟ್ಟಾಗ ಏರುವ ಮಟ್ಟ, ಇವು ಎಷ್ಟೋ ಮನೆಗಳ ಮಕ್ಕಳನ್ನು ನುಂಗಿವೆ. ಈಜು ಬರುವವರೂ ಸತ್ತಿದ್ದಾರೆ. ಹದಿಹರೆಯದ ಮಕ್ಕಳು ನೀರಾಟ ಬೇಕೆಂದು ಹಟ ಹಿಡಿದರೆ ಅವರನ್ನು ಹೊಳೆಗೆ ಕರೆದೊಯ್ಯುವ ಬದಲು ಬಿಡದಿಗೆ ಕರೆದೊಯ್ಯಿರಿ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆಟದ ಗುಣಮಟ್ಟದಲ್ಲೂ ವಂಡರ್‌ಲಾಗೆ ನಮ್ಮ ಕಡೆ ಸಾಟಿಯಿಲ್ಲ. ಮುಂದೆ ಹೋದಂತೆಯೇ ಹಿಂದಕ್ಕೂ ಉರುಳುವ ರಿಕಾಯಿಲ್ ಎಂಬ ರೋಲರ್ ಕೋಸ್ಟರ್‌ನಿಂದ ಇಳಿದು ಬರುವ ಹುಡುಗರ ಮುಖ ನೋಡಿದರೆ ಸಾಕು, ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಕೇಳಬೇಕಾಗಿಲ್ಲ.

ಈಗ ಅದೇ ಆವರಣದಲ್ಲಿ ಬೇರೊಂದು ಜಾಗ ತೋರಿಸುತ್ತೇನೆ. ಅಲೆಕೊಳದ ಪಕ್ಕದಲ್ಲಿ, ಮರದ ನೆರಳಿರುವ ಕಟ್ಟೆಗಳ ಮೇಲೆ ಒಂದಷ್ಟು ಜನ ಕುಳಿತಿರುತ್ತಾರೆ. ಸುತ್ತಲೂ ಚೀಲ, ಚಪ್ಪಲಿ, ಒದ್ದೆ ಟವೆಲ್ಲು, ಯಾರದೋ ಕನ್ನಡಕ, ಯಾರದೋ ವಾಚು. ಅವರಲ್ಲಿ ಹೆಚ್ಚಿನವರು ಅಜ್ಜಿಯರು, ಕೈಕೂಸಿನ ತಾಯಂದಿರು, ಮಂಡಿನೋವಿನ ತಾತಂದಿರು. "ನೀವ್ ಆಡ್ಕಂಡ್ ಬನ್ನಿ ಮಗ, ನಾನ್ ಇಲ್ಲೇ ಕೂತಿರ್ತೀನಿ" ಎಂಬ ಮಾತನ್ನು ಅಲ್ಲಿ ಎಷ್ಟು ಸಲ ಬೇಕಾದರೂ ಕೇಳಬಹುದು. ನೀರಿಗಿಳಿಯಲು ನೈಲಾನಿನ ಈಜುಡುಗೆಯೇ ಬೇಕು ಎಂಬುದು ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ನಿಯಮ. ಆದರೆ ಸೀರೆಯುಟ್ಟು ಬಂದ ತಾಯಿಗೆ ಆ ನಿಯಮದ ಅರ್ಥ ದಡದಲ್ಲೇ ನಿಲ್ಲು ಎಂದು. ಅವಳು ಸೆರಗು ಬಿಗಿದು, ನೀರು ಬರುವಷ್ಟು ದೂರಕ್ಕೆ ನಿಂತು, ಗಂಡನೂ ಮಕ್ಕಳೂ ಅಲೆಯಲ್ಲಿ ಕುಣಿಯುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಾಳೆ. ಲಾಕರು ಇದೆ, ಚೀಲ ಇಡಬಹುದು. ಇವರು ಕೂತಿರುವುದಕ್ಕೆ ಚೀಲ ಒಂದು ನೆಪ ಮಾತ್ರ. ಅವರಿಗೆ ಅಲ್ಲಿ ಮಾಡಲು ಬೇರೇನೂ ಇಲ್ಲ. ಅರುವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು, ಆದರೂ ಕೂತಿರುವುದಕ್ಕೆ ದುಡ್ಡು ಕೊಟ್ಟಂತೆಯೇ ಆಯಿತು.

ಮನೆಮಂದಿಯ ಪ್ರವಾಸವನ್ನು ಅಳೆಯಲು ನನ್ನ ಅಳತೆಗೋಲು ಇದೊಂದೇ: ಚೀಲ ಕಾಯುತ್ತಾ ಕೂತವರು ಎಷ್ಟು ಜನ? ಸಂಸಾರದ ಎಂಟು ಜನರಲ್ಲಿ ಮೂವರು ಇಡೀ ದಿನ ಕಾಯುತ್ತಾ ಕೂತರೆ ಆ ಜಾಗ ಐವರಿಗೆ ಚೆನ್ನಾಗಿತ್ತು ಎನ್ನಬಹುದು, ಸಂಸಾರಕ್ಕೆ ಚೆನ್ನಾಗಿತ್ತು ಎನ್ನಲಾಗದು. ಟಿಕೆಟ್ಟಿನ ವಿಷಯಕ್ಕೂ ಇದೇ ಮಾತು. ಒಬ್ಬರಿಗೆ ಸಾವಿರಕ್ಕೂ ಮೀರಿದ ದರ. ಇನ್ನಷ್ಟು ಕೊಟ್ಟರೆ ಸಾಲು ತಪ್ಪಿಸಿ ಮುಂದೆ ಹೋಗುವ ಫಾಸ್ಟ್‌ಟ್ರ್ಯಾಕ್ ಬೇರೆ. ರಜೆಯ ದಿನ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತ ಮಗುವಿನ ಕಣ್ಣೆದುರೇ ಇನ್ನೊಂದು ಮಗು ಬದಿಯ ದಾರಿಯಿಂದ ನಡೆದುಹೋಗಿ ಕೂರುತ್ತದೆ. ವ್ಯಾಪಾರದ ಲೆಕ್ಕದಲ್ಲಿ ಇದು ಸರಿ ಇರಬಹುದು. ಆದರೆ ನಾಗಮಂಗಲದ ಒಣಭೂಮಿಯಲ್ಲಿ ರಾಗಿ ಹುರುಳಿ ಬೆಳೆದು, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆತರುವ ಅಪ್ಪನಿಗೆ ಆ ಗಳಿಗೆ ಕಹಿಯಾಗಿರುತ್ತದೆ.

ಇನ್ನು ಬೃಂದಾವನ. ಇದರ ಹುಟ್ಟನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ದಿನವೂ ತಿರುಗಾಡುವ ಸಾವಿರಾರು ಜನರ ಮಕ್ಕಳಿಗೆ ಆ ಕಥೆ ಸಿಗುತ್ತಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಜಾಗ. ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ನೀರು, ಮಂಡ್ಯದ ಬಯಲಿಗೆ ನಾಲೆ, ಹೀಗೆ ಎರಡು ಉದ್ದೇಶ. ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆ ಎಬ್ಬಿಸಿದರು. ನೀರಿನ ಮಟ್ಟಕ್ಕೆ ತಕ್ಕಂತೆ ತಾನಾಗಿ ತೆರೆಯುವ, ತಾನಾಗಿ ಮುಚ್ಚುವ ಬಾಗಿಲುಗಳನ್ನು ಕೂರಿಸಿದರು. ಕಟ್ಟೆ ತುಂಬಿದಾಗಿನ ನೀರಿನ ಮಟ್ಟವಾದ 124.80 ಅಡಿ ಎಂಬ ಅಂಕಿ ಮಂಡ್ಯದ ರೈತನಿಗೆ ತನ್ನ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಮಳೆಗಾಲದಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು "ಕಟ್ಟೆ ಎಷ್ಟಾಯ್ತು?" ಎಂದೇ. ಕಟ್ಟೆ ತುಂಬಿದರೆ ಬಾಗಿನ.

ಆ ಕಟ್ಟೆಯ ಕೆಳಗೆ, 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಉದ್ಯಾನ ಯೋಚಿಸಿದರು. ಲಾಲ್‌ಬಾಗ್‌ ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರ ಕೈಯೂ ಇದರಲ್ಲಿದೆ. 1927ರಲ್ಲಿ ಶುರುವಾದ ಕೆಲಸ 1932ರ ಹೊತ್ತಿಗೆ ಮುಗಿಯಿತು. 60 ಎಕರೆ. ಮೇಲಿನ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ನಡುವೆ ಕಾರಂಜಿ, ಎರಡು ಕಡೆ ಹೂವಿನ ಮಡಿ, ರಾತ್ರಿ ದೀಪ. ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ. ಅದಕ್ಕೆ ಇಪ್ಪತ್ತಮೂರು ವರ್ಷ ಮೊದಲೇ ಜನ ಬಂದು ನೋಡಿ ಬೆರಗಾಗುವಂಥ ಒಂದು ಜಾಗವನ್ನು ಮೈಸೂರು ಸಂಸ್ಥಾನ ಕಟ್ಟಿತ್ತು. ಕೆರೆ ಕಟ್ಟೆ ಕಟ್ಟಿಸುವುದು ಅರಸರ ಧರ್ಮವಾಗಿದ್ದ ನಾಡಿನಲ್ಲಿ, ಕಟ್ಟೆಯನ್ನು ಜನ ಬಂದು ನೋಡಿ ಸಂತೋಷಪಡಲಿ ಎಂದು ಅದರ ಬುಡದಲ್ಲೇ ತೋಟ ಹಾಕಿದ್ದು ಹೊಸ ವಿಚಾರ. ಬೃಂದಾವನದ ವಸ್ತು ಅಲ್ಲೇ ಎದುರಿಗೆ ನಿಂತಿದೆ. ತಲೆ ಎತ್ತಿ ನೋಡಿದರೆ ಗೋಡೆ, ಗೋಡೆಯ ಆಚೆ ಕಾವೇರಿ, ಈಚೆ ಅದೇ ನೀರು ಕಾರಂಜಿಯಾಗಿ ಚಿಮ್ಮುತ್ತಿದೆ, ಅದೇ ನೀರಿನ ಬಲದ ವಿದ್ಯುತ್ತು ದೀಪವಾಗಿ ಉರಿಯುತ್ತಿದೆ ಎಂಬುದು ಇದರ ಮೂಲ ಕಲ್ಪನೆ. ಜಗತ್ತಿನ ಥೀಮ್ ಪಾರ್ಕುಗಳು ಕಟ್ಟುಕಥೆಯ ಕೋಟೆಗಳನ್ನು ಕಟ್ಟಿ ಜನರನ್ನು ಕರೆದವು. ಬೃಂದಾವನ ನಿಜವಾದ ಕೆಲಸವೊಂದನ್ನು ತೋರಿಸಿ ಕರೆಯಿತು.

ಸಂಜೆಯ ಹೊತ್ತು ಅಲ್ಲಿ ನಡೆಯುವುದನ್ನು ಗಮನಿಸಿ. ಬಿಸಿಲು ಇಳಿಯುತ್ತಿದ್ದಂತೆ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಶಾಲೆಯ ಮಕ್ಕಳು ಕೈ ಹಿಡಿದು ಎರಡು ಸಾಲಾಗಿ ಬರುತ್ತಾರೆ. ಹೊಸದಾಗಿ ಮದುವೆಯಾದವರು, ಕೈಯ ಮೆಹಂದಿ ಇನ್ನೂ ಮಾಸಿಲ್ಲದವರು, ಅತ್ತೆ ಮಾವನ ಜತೆಯಲ್ಲೇ ಬಂದಿರುತ್ತಾರೆ. ಆಂಧ್ರದಿಂದ, ತಮಿಳುನಾಡಿನಿಂದ, ಕೇರಳದಿಂದ ಬಂದವರು ಕಾವೇರಿ ವಿಗ್ರಹದ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಎಲ್ಲರೂ ಸೇತುವೆ ದಾಟಿ ಉತ್ತರದ ಕಡೆಗೆ ನಡೆಯುತ್ತಾರೆ. ಕಾರಂಜಿಯ ಎದುರಿನ ಮೆಟ್ಟಿಲುಗಳು ತುಂಬುತ್ತವೆ. ಕತ್ತಲೆ ಕವಿದು, ದೀಪ ಹತ್ತಿ, ಹಾಡು ಶುರುವಾಗಿ, ನೀರು ಮೊದಲ ಸಲ ಮೇಲಕ್ಕೆದ್ದಾಗ ಇಡೀ ಜನಸಮೂಹದಿಂದ ಒಂದೇ ಉಸಿರಿಗೆ ಹೊರಡುವ ಉದ್ಗಾರವಿದೆಯಲ್ಲ, ಅದರಲ್ಲಿ ಎರಡು ವರ್ಷದ ಕೂಸಿನ ದನಿಯೂ ಇರುತ್ತದೆ, ಎಂಬತ್ತರ ಮುದುಕಿಯ ದನಿಯೂ ಇರುತ್ತದೆ. ತಾತನ ಹೆಗಲಮೇಲೆ ಮೊಮ್ಮಗ, ಅವನ ಪಕ್ಕದಲ್ಲಿ ಸೊಸೆ. ಎಲ್ಲರೂ ನೋಡುತ್ತಿರುವುದು ಒಂದೇ ನೀರನ್ನು, ಒಂದೇ ಗಳಿಗೆಯಲ್ಲಿ. ಎತ್ತರ ಅಳೆಯುವವರಿಲ್ಲ, ಬಟ್ಟೆ ಬದಲಿಸು ಎನ್ನುವವರಿಲ್ಲ, ಹೆಚ್ಚು ಕೊಟ್ಟವರಿಗೆ ಬೇರೆ ಸಾಲಿಲ್ಲ. ಚೀಲ ಕಾಯುವವರೂ ಇಲ್ಲ, ಇದ್ದ ಒಂದು ಚೀಲವೂ ಯಾರದೋ ಮಡಿಲಲ್ಲಿರುತ್ತದೆ. ಪ್ರವೇಶದರ ನೂರು ರೂಪಾಯಿಯ ಆಸುಪಾಸು. ಆ ಬೆಲೆಗೆ ಇಡೀ ಸಂಸಾರ ಒಟ್ಟಿಗೆ ಬೆರಗಾಗುವ ಇನ್ನೊಂದು ಜಾಗವನ್ನು ನಾನು ಕರ್ನಾಟಕದಲ್ಲಿ ಕಂಡಿಲ್ಲ.

ಇಷ್ಟು ಹೇಳಿ ಬೃಂದಾವನದ ಕುಂದುಗಳನ್ನು ಮುಚ್ಚಿಟ್ಟರೆ ವಿಮರ್ಶೆಯಾಗುವುದಿಲ್ಲ. ಮೊದಲನೆಯದು ನಡಿಗೆ. ದಕ್ಷಿಣದ ಬಾಗಿಲಿಂದ ಉತ್ತರದ ಕಾರಂಜಿವರೆಗಿನ ದಾರಿ ಉದ್ದ, ನಡುನಡುವೆ ಮೆಟ್ಟಿಲು. ಮಂಡಿನೋವಿನವರಿಗೆ ಹೋಗುವಾಗಿನ ಉತ್ಸಾಹ ಬರುವಾಗ ಇರುವುದಿಲ್ಲ, ಅದೂ ಕತ್ತಲೆಯಲ್ಲಿ, ಕಾರಂಜಿ ಮುಗಿದೊಡನೆ ಎಲ್ಲರೂ ಒಟ್ಟಿಗೆ ಏಳುವ ನೂಕುನುಗ್ಗಲಿನಲ್ಲಿ. ಸಂಸಾರಕ್ಕೆ ಒಪ್ಪುವ ಜಾಗ ಎಂದು ನಾನು ಹೊಗಳುತ್ತಿರುವ ತೋಟ ಅಜ್ಜಿಯನ್ನು ಕಾರಂಜಿಯವರೆಗೆ ಕರೆತರುವ ವಿಷಯದಲ್ಲೇ ಸೋಲುತ್ತದೆ. ಇದು ಸರಿಪಡಿಸಬಹುದಾದ ಸೋಲು. ಮೆಟ್ಟಿಲ ಬದಿಗೆ ಇಳಿಜಾರು ದಾರಿ, ವಯಸ್ಸಾದವರಿಗೆ ಸಾಕಷ್ಟು ವಿದ್ಯುತ್ ಗಾಡಿ, ಹಿಂದಿರುಗುವ ಹಾದಿಗೆ ಬೆಳಕು, ಸ್ವಚ್ಛ ಶೌಚಾಲಯ. ಇದಕ್ಕೆ ಸಾವಿರಾರು ಕೋಟಿ ಬೇಕಾಗಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಬಂದವರೆಲ್ಲ ಸಂಜೆ ಒಂದು ಗಂಟೆಯ ದೀಪಕ್ಕಾಗಿ ಬರುತ್ತಾರೆ, ಹೋಗುತ್ತಾರೆ. ಈ ಗೋಡೆ ಹೇಗೆ ನಿಂತಿದೆ, ಬಾಗಿಲು ತಾನಾಗಿ ಹೇಗೆ ತೆರೆಯುತ್ತದೆ, ಹಳೆಯ ಕನ್ನಂಬಾಡಿ ಊರು ಎಲ್ಲಿ ಹೋಯಿತು, ನೀರಿಗಾಗಿ ಊರು ಬಿಟ್ಟವರು ಯಾರು ಎಂಬುದನ್ನು ಒಂದು ಮಗುವಿಗೆ ಅರ್ಥವಾಗುವಂತೆ, ನೆನಪಿನಲ್ಲಿ ಉಳಿಯುವಂತೆ ಹೇಳುವ ವ್ಯವಸ್ಥೆ ಈ ಜಾಗದ ಯೋಗ್ಯತೆಗೆ ತಕ್ಕಂತಿಲ್ಲ. ಭದ್ರತೆಗಾಗಿ ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ, ಅದು ಸರಿ. ಹಾಗಾದರೆ ಕೆಳಗಾದರೂ ತೋರಿಸಬೇಕಲ್ಲ? ಆ ಬಾಗಿಲಿನ ಒಂದು ಮಾದರಿ ಮಾಡಿ, ನೀರು ಏರಿದಂತೆ ಅದು ಏಳುವುದನ್ನು ಮಕ್ಕಳೇ ಕೈಯಾರೆ ಮಾಡಿ ನೋಡುವಂತಿದ್ದರೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಬೇಕೆ? ಮುಳುಗಿದ ಊರಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲಾಗಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಹಿನ್ನೀರಿನ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಬೃಂದಾವನ ನೋಡಿದವರು ಅಲ್ಲಿಗೂ ಹೋಗಲೇಬೇಕು. ಒಂದೇ ಕಥೆಯ ಎರಡು ಪುಟಗಳು ಅವು. ಆದರೆ ಬಸ್ಸಿನಲ್ಲಿ ಬಂದವರಲ್ಲಿ ಹೆಚ್ಚಿನವರು ಒಂದು ಪುಟ ಓದಿ ಮೈಸೂರಿಗೆ ಹೊರಟುಬಿಡುತ್ತಾರೆ.

ಮೂರನೆಯದು ನಿರ್ವಹಣೆಯ ಏರುಪೇರು. ಹೂವಿನ ಮಡಿ ಒಂದು ಕಾಲದಲ್ಲಿ ಕಣ್ಣು ತುಂಬುವಂತಿದ್ದರೆ ಇನ್ನೊಂದು ಕಾಲದಲ್ಲಿ ಬಾಡಿರುತ್ತದೆ. 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡು ತೋಟದ ಬಾಗಿಲು ಹಲವು ದಿನ ಮುಚ್ಚಿತ್ತು. ಚಿರತೆ ಬಂದದ್ದು ಯಾರ ತಪ್ಪೂ ಅಲ್ಲ. ದಿನವೂ ಒಂದೇ ಮಟ್ಟದಲ್ಲಿ ನಡೆಸುವ ವಿದ್ಯೆಯನ್ನು ಮಾತ್ರ ಬಿಡದಿಯಿಂದ ಕಲಿಯಬೇಕು.

ಉಳಿಯುವ ವಿಷಯದಲ್ಲಿ ಎರಡು ಕಡೆಗೂ ದೊಡ್ಡ ವ್ಯತ್ಯಾಸವಿದೆ. ವಂಡರ್‌ಲಾ ರೆಸಾರ್ಟಿನ ಕೋಣೆಗಳು ಅನುಕೂಲವಾಗಿವೆ, ಈಜುಕೊಳವಿದೆ, ದಣಿದ ಮಕ್ಕಳು ಅಲ್ಲೇ ಮಲಗಬಹುದು. ಆದರೆ ಪಾರ್ಕು ಹಗಲಿನಲ್ಲಿ ತೆರೆದು ಸಂಜೆ ಮುಚ್ಚುವಂಥದ್ದು. ಒಂದು ದಿನ ಆಡಿದ ಮೇಲೆ ಎರಡನೆಯ ದಿನವೂ ಅದೇ ಆಟ. ಬೃಂದಾವನದಲ್ಲಿ ರಾತ್ರಿ ಉಳಿದವರಿಗೆ ಸಿಗುವುದೇ ಬೇರೆ. ಮೈಸೂರು ಅರಸರ ಅತಿಥಿಗಳಿಗಾಗಿ ಇದ್ದ ಕಟ್ಟಡ ಈಗ ರಾಯಲ್ ಆರ್ಕಿಡ್ ಹೋಟೆಲ್. ಅದರ ಮೊಗಸಾಲೆಯಿಂದ ಇಡೀ ತೋಟ ಕಾಣುತ್ತದೆ. ಪ್ರವಾಸೋದ್ಯಮ ನಿಗಮದ ಮಯೂರ ಕಾವೇರಿ ಜೇಬಿಗೆ ಹಗುರ. ಎರಡರಲ್ಲಿ ಎಲ್ಲೇ ಉಳಿದರೂ ಬೆಳಗಿನ ತೋಟ ನಿಮ್ಮದು. ಸಂಜೆ ಕಾಲಿಡಲು ಜಾಗವಿಲ್ಲದ ಹಾದಿಯಲ್ಲಿ ಬೆಳಗ್ಗೆ ಮಾಲಿಗಳು ಮಡಿಗೆ ನೀರು ಹಾಯಿಸುತ್ತಿರುತ್ತಾರೆ. ಕಟ್ಟೆಯ ಕಲ್ಲಿನ ಮೇಲೆ ಎಳೆಬಿಸಿಲು ಬಿದ್ದು ಅದರ ನಿಜವಾದ ಗಾತ್ರ ಆಗ ಗೊತ್ತಾಗುತ್ತದೆ. ಹಲವು ಸಲ ಬೃಂದಾವನ ನೋಡಿದ್ದೇವೆ ಎನ್ನುವವರಲ್ಲಿ ಬೆಳಗಿನ ಬೃಂದಾವನ ನೋಡಿದವರು ಕಡಿಮೆ. ಅನುಭವಸ್ಥರಿಗೆ ನಾನು ಕೊಡುವ ಮೊದಲ ಸಲಹೆ ಇದೇ.

ಊಟದ ಮಾತು ಬಿಡುವಂತಿಲ್ಲ. ವಂಡರ್‌ಲಾದೊಳಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲ; ಒಳಗಿನದು ಶುಚಿ, ಬೆಲೆ ಮಾತ್ರ ಪಾರ್ಕಿನ ಬೆಲೆ. ಕಟ್ಟೆಯ ಕಡೆ ಹೊರಟವರ ಕಾರಿನಲ್ಲಿ ಪುಳಿಯೋಗರೆಯ ಡಬ್ಬಿ, ಮೊಸರನ್ನ, ಉಪ್ಪಿನಕಾಯಿ ಇರಲೇಬೇಕು. ದಾರಿಯಲ್ಲಿ ಮರದ ನೆರಳು ಕಂಡಲ್ಲಿ ಜಮಖಾನ ಹಾಸಿದರೆ ಮಧ್ಯಾಹ್ನ ಮುಗಿಯಿತು. ಸಂಜೆ ಕೆ.ಆರ್.ಎಸ್. ಬಳಿ ಹೊಳೆಮೀನು ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿಯುವ ವಾಸನೆ ರಸ್ತೆಗೇ ಬರುತ್ತದೆ. ಅದಕ್ಕಾಗಿಯೇ ಮೈಸೂರಿಂದ ಬೈಕಿನಲ್ಲಿ ಬರುವವರಿದ್ದಾರೆ.

ಸುತ್ತಮುತ್ತಲ ಊರುಗಳ ಲೆಕ್ಕ ಹಿಡಿದರಂತೂ ಪಂದ್ಯವೇ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಬಿಡದಿಯ ಪಕ್ಕದಲ್ಲೂ ಒಂದು ಅಮೂಲ್ಯ ಜಾಗವಿದೆ: ರಾಮನಗರದ ಜಾನಪದ ಲೋಕ. ಅದನ್ನು ಕಟ್ಟಿದವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಎಂಬುದು ನಮ್ಮ ಕಡೆಯವರಿಗೆ ಹೆಮ್ಮೆ. ವಂಡರ್‌ಲಾಗೆ ಹೋಗುವವರು ಅರ್ಧ ದಿನ ಅಲ್ಲಿಗೂ ಇಟ್ಟುಕೊಳ್ಳಿ. ಆದರೆ ಕಟ್ಟೆಯನ್ನು ನಡುವೆ ಇಟ್ಟುಕೊಂಡು ಎರಡು ದಿನ ತಿರುಗುವವನಿಗೆ ಸಿಗುವ ಸಂಪತ್ತು ಬೇರೆಯೇ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ನೋಡಿದ ಮಗುವಿಗೆ ಯಾವ ಯಂತ್ರದ ಭಯವೂ ಅದರ ಮುಂದೆ ಸಣ್ಣದು. 1940ರಿಂದ ಪಕ್ಷಿಧಾಮವಾಗಿರುವ ಅದು 2022ರಲ್ಲಿ ರಾಮ್ಸಾರ್ ತಾಣವಾಯಿತು. ಪಾಂಡವಪುರ ದಾಟಿದರೆ ಕುಂತಿಬೆಟ್ಟ, ತೊಣ್ಣೂರು ಕೆರೆಯ ತಿಳಿನೀರು, ಮೇಲೆ ಮೇಲುಕೋಟೆ. ಚಿನಕುರಳಿ ಮೇಲೆ ಕೆ.ಆರ್. ಪೇಟೆಯ ಕಡೆ ಹೊರಟರೆ ಹೊಸಹೊಳಲಿನ ಲಕ್ಷ್ಮೀನಾರಾಯಣ, ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ, ಹೇಮಾವತಿಯ ದಡದಲ್ಲಿ ವರಾಹನಾಥ ಕಲ್ಲಹಳ್ಳಿಯ ಭೂವರಾಹ. ನಾಗಮಂಗಲದಲ್ಲಿ ಸೌಮ್ಯಕೇಶವ, ಕಂಬದಹಳ್ಳಿಯ ಪಂಚಕೂಟ ಬಸದಿ, ಆದಿಚುಂಚನಗಿರಿಯ ನವಿಲು. ಇವುಗಳಲ್ಲಿ ಎಷ್ಟೋ ಕಡೆ ಟಿಕೆಟ್ಟೇ ಇಲ್ಲ. ಬೃಂದಾವನಕ್ಕೆ ಬರುವ ಜನಸಾಗರದಲ್ಲಿ ನೂರಕ್ಕೆ ಹತ್ತು ಮಂದಿ ಈ ಊರುಗಳಿಗೆ ತಿರುಗಿದರೂ ಅಲ್ಲಿನ ಹೋಟೆಲಿನವರು, ಹೂವಿನವರು, ಆಟೋದವರು ಬದುಕಿಕೊಳ್ಳುತ್ತಾರೆ.

ಇಂಥ ಕಡೆಗೆ ಈಗ ಬರುತ್ತಿರುವ ಯೋಜನೆ ಏನು? 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕನ್ನೂ 125 ಅಡಿಯ ಕಾವೇರಿ ಪ್ರತಿಮೆಯನ್ನೂ ಘೋಷಿಸಿತು. 2024ರಲ್ಲಿ ಸಿದ್ದರಾಮಯ್ಯನವರ ಸಂಪುಟ 2,600 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ, ಬೃಂದಾವನವನ್ನು ಮೇಲ್ದರ್ಜೆಗೇರಿಸಲು ಒಪ್ಪಿತು. 2025ರಲ್ಲಿ ಕಾವೇರಿ ಆರತಿಯ ಯೋಜನೆಯೂ ಇದಕ್ಕೆ ಸೇರಿತು. ಇವನ್ನು ವಿರೋಧಿಸಿ ರೈತ ಸಂಘಟನೆಗಳು ಬೀದಿಗಿಳಿದವು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಸರ್ಕಾರ ಯಾವ ಪಕ್ಷದ್ದಾದರೂ ಆಸೆ ಒಂದೇ ಎಂಬುದು ಇದರಿಂದ ಗೊತ್ತಾಗುತ್ತದೆ.

ರೈತರ ಮೊದಲ ಆತಂಕ ಕಟ್ಟೆಯ ಭದ್ರತೆ. ಅದನ್ನು ಅಭಿವೃದ್ಧಿಗೆ ಅಡ್ಡಗಾಲು ಎಂದು ತಳ್ಳಿಹಾಕಲಾಗದು. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ಸ್ಫೋಟದ ವಿರುದ್ಧ ಇದೇ ಜನ ವರ್ಷಗಟ್ಟಲೆ ಹೋರಾಡಿದರು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ ನಿಷೇಧಿಸಿತು. ಸುತ್ತ ಇಪ್ಪತ್ತು ಕಿಲೋಮೀಟರು ಕಲ್ಲು ಒಡೆಯಬಾರದು ಎಂದಾದ ಮೇಲೆ, ನೂರು ವರ್ಷದ ಹತ್ತಿರ ಬಂದ ಸುರ್ಕಿ ಗಾರೆಯ ಗೋಡೆಯ ಬುಡದಲ್ಲೇ ಭಾರೀ ಕಟ್ಟಡಗಳಿಗೆ ತಳಪಾಯ ತೋಡಬಹುದೇ ಎಂಬ ಪ್ರಶ್ನೆಗೆ ಸರ್ಕಾರ ಎಂಜಿನಿಯರುಗಳ ಮೂಲಕ ಬಹಿರಂಗವಾಗಿ ಉತ್ತರ ಕೊಡಬೇಕು.

ನನ್ನ ಆಕ್ಷೇಪ ಇನ್ನೂ ಒಂದಿದೆ. ಯಂತ್ರದ ಆಟ ಬೇಕಾದವರಿಗೆ ಬಿಡದಿ ಇದೆ, ಮೈಸೂರಿನಿಂದ ಕೆ.ಆರ್.ಎಸ್.ಗೆ ಬರುವ ರಸ್ತೆಯಲ್ಲೇ ಮೇಟಗಳ್ಳಿಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ತೆರೆದ ಮೇಲೆ ಬಿಡದಿಯೂ ದೂರವಿಲ್ಲ. ಅದೇ ಆಟವನ್ನು ಕಟ್ಟೆಯ ಕೆಳಗೂ ತಂದರೆ ಹೊಸದಾಗಿ ಸಿಗುವುದೇನೂ ಇಲ್ಲ, ಕಳೆದುಹೋಗುವುದು ಬಹಳ. ಖಾಸಗಿಯವರು ಹಾಕಿದ ಕೋಟಿಗಳು ಹಿಂದಿರುಗಬೇಕಾದರೆ ಟಿಕೆಟ್ಟು ಏರಲೇಬೇಕು. ಟಿಕೆಟ್ಟು ಏರಿದ ದಿನ ಕೆ.ಆರ್. ಪೇಟೆಯ ಸರ್ಕಾರಿ ಶಾಲೆಯ ಬಸ್ಸು ಅಲ್ಲಿಗೆ ಬರುವುದು ನಿಲ್ಲುತ್ತದೆ. ಅರುವತ್ತು ಎಕರೆಯ ನಡುವೆ ಕಿರುಚುವ ಯಂತ್ರ ನಿಂತ ದಿನ ಅಜ್ಜಿಯ ಸ್ಥಾನ ಕಾರಂಜಿಯ ಮುಂದಿನ ಮೆಟ್ಟಿಲಿನಿಂದ ಚೀಲಗಳ ಪಕ್ಕಕ್ಕೆ ಬದಲಾಗುತ್ತದೆ. ವಂಡರ್‌ಲಾ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ. ಬೃಂದಾವನ ಅದರ ಎರಡನೆಯ ದರ್ಜೆಯ ನಕಲಾಗಬೇಕಾದ ಅಗತ್ಯ ಯಾರಿಗಿದೆ?

ಕಾವೇರಿ ನೀರಾವರಿ ನಿಗಮವನ್ನೂ ಸರ್ಕಾರವನ್ನೂ ಕೇಳಿಕೊಳ್ಳುವುದಿಷ್ಟು. ಯಂತ್ರಗಳನ್ನು ಕಟ್ಟೆಯಿಂದ ದೂರವಿಡಿ. ನಡೆಯುವ ಹಾದಿ, ಶೌಚಾಲಯ, ಬೆಳಕು, ಹೂವು, ಇವುಗಳನ್ನು ಮುನ್ನೂರರವತ್ತೈದು ದಿನವೂ ಒಂದೇ ಮಟ್ಟದಲ್ಲಿಡಿ. ಕಟ್ಟೆಯ ಕಥೆ ಹೇಳುವ ಒಂದು ಒಳ್ಳೆಯ ವಸ್ತುಸಂಗ್ರಹಾಲಯ ಮಾಡಿ, ಅದರಲ್ಲಿ ಊರು ಬಿಟ್ಟವರ ಕಥೆಗೂ ಜಾಗವಿರಲಿ. ಟಿಕೆಟ್ಟಿನ ದರ ರೈತನ ಕೈಗೆಟುಕುವಂತೆಯೇ ಇರಲಿ.

ಓದುಗರಿಗೆ ನನ್ನ ತೀರ್ಪು ಹೀಗೆ. ಮನೆಯಲ್ಲಿ ಹತ್ತರಿಂದ ಇಪ್ಪತ್ತೈದರ ವಯಸ್ಸಿನವರೇ ಹೊರಟಿದ್ದರೆ, ವಾರದ ನಡುವಿನ ದಿನ ನೋಡಿ ವಂಡರ್‌ಲಾಗೆ ಹೋಗಿ. ಅಲ್ಲಿ ಉಳಿಯುವ ಅಗತ್ಯವಿಲ್ಲ, ಒಂದು ದಿನ ಸಾಕು. ಅಜ್ಜಿ ತಾತ, ಕೈಕೂಸು, ಎಲ್ಲರೂ ಸೇರಿ ಹೊರಟಿದ್ದರೆ ಬೃಂದಾವನವೇ. ಭಾನುವಾರ ಬೇಡ, ದಸರೆಯ ವಾರ ಬೇಡ. ಮಳೆಗಾಲ ಮುಗಿದು ಕಟ್ಟೆ ತುಂಬಿರುವಾಗ ಹೋಗಿ, ಒಂದು ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ತೋಟದಲ್ಲಿ ನಡೆಯಿರಿ. ಹಿಂದಿರುಗುವಾಗ ಹೊಸ ಕನ್ನಂಬಾಡಿಯ ದೇವಸ್ಥಾನವನ್ನು ಮಕ್ಕಳಿಗೆ ತಪ್ಪದೆ ತೋರಿಸಿ.